ಬಾಂಡ್ ಟ್ಯೂನ್ ಯಾರ ಮಗು?

ಕಣ್ಣು ಮುಚ್ಚಿಕೊಂಡು ಕೇಳಿದರೂ ಗೊತ್ತಾಗುತ್ತೆ. ಆ ಗಿಟಾರ್ ಶುರುವಾಯ್ತು ಅಂದ್ರೆ ಜೇಮ್ಸ್ ಬಾಂಡ್ ಬಂದ ಅಂತಲೇ ಅರ್ಥ. 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ 25 ಸಿನಿಮಾ, ಆರು ಜನ ಬಾಂಡ್‌ಗಳು. ಮುಖ ಬದಲಾಯ್ತು, ಕಾರು ಬದಲಾಯ್ತು, ಶತ್ರುಗಳೂ ಬದಲಾದರು. ಆ ಟ್ಯೂನ್ ಮಾತ್ರ ಹೋಗಲಿಲ್ಲ.

ಹಾಗಾದ್ರೆ ಅದನ್ನ ಮಾಡಿದ್ದು ಯಾರು? ಸುಲಭದ ಪ್ರಶ್ನೆ ಅಂದ್ಕೊಂಡ್ರಾ? ಇದನ್ನ ಬಗೆಹರಿಸೋಕೆ ಲಂಡನ್‌ನಲ್ಲಿ ಕೋರ್ಟೇ ಕೂರಬೇಕಾಯ್ತು.

ಮೊದಲ ಸಿನಿಮಾಗೆ ಸಂಗೀತ ನಿರ್ದೇಶಕ ಮಾಂಟಿ ನಾರ್ಮನ್. ಅವರ ಹತ್ತಿರ ಒಂದು ಹಳೇ ಟ್ಯೂನ್ ಇತ್ತು. ವಿ.ಎಸ್. ನೈಪಾಲ್ ಅವರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕ ಮಾಡೋಕೆ ಹೊರಟಾಗ ಕಟ್ಟಿದ್ದು. ಟ್ರಿನಿಡಾಡ್‌ನಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬದ ಕಥೆ ಅದು. ಹಾಡಿನ ವಿಷಯ ಏನು ಗೊತ್ತಾ? ಸೀನಿನ ಅಪಶಕುನ! ನಾಟಕ ರಂಗಕ್ಕೆ ಬರಲೇ ಇಲ್ಲ. ಭಾರತೀಯ ಛಾಯೆಯ ಆ ರಾಗ ಬ್ರಿಟಿಷ್ ಗೂಢಚಾರನ ಪಾಲಾಯ್ತು.

ಆದರೆ ನಿರ್ಮಾಪಕರಿಗೆ ಸಮಾಧಾನವಾಗಲಿಲ್ಲ. ಜಾನ್ ಬ್ಯಾರಿ ಅನ್ನೋ ಯುವಕನನ್ನು ಕರೆಸಿದರು. ಬ್ಯಾರಿ ಅದಕ್ಕೆ ಜಾಝ್ ಬ್ಯಾಂಡಿನ ತುತ್ತೂರಿಗಳನ್ನು ಸೇರಿಸಿದರು, ವಿಕ್ ಫ್ಲಿಕ್ ಕೈಗೆ ಎಲೆಕ್ಟ್ರಿಕ್ ಗಿಟಾರ್ ಕೊಟ್ಟರು. ಹಿನ್ನೆಲೆಯನ್ನ ಸ್ವಲ್ಪ ಗಮನಿಸಿ. ಪಂಚಮದಿಂದ ಅರ್ಧ ಸ್ವರ ಏರುತ್ತೆ, ಇನ್ನರ್ಧ ಏರುತ್ತೆ, ಮತ್ತೆ ಇಳಿಯುತ್ತೆ. ಇದೇ ಸುತ್ತು, ಮತ್ತೆ ಮತ್ತೆ. ಎಲ್ಲೂ ನೆಲೆ ನಿಲ್ಲಲ್ಲ. ಯಾರೋ ಹಿಂಬಾಲಿಸ್ತಿದ್ದಾರೆ ಅನ್ನೋ ಅಳುಕು ನಮಗೆ ಹುಟ್ಟೋದೇ ಅಲ್ಲಿ. 2012ರ ‘ಸ್ಕೈಫಾಲ್’ಗೆ ಅಡೆಲ್ ಹಾಡಿದ, ಆಸ್ಕರ್ ಗೆದ್ದ ಹಾಡಿನೊಳಗೂ ಇದೇ ಏರಿಳಿತ ಕೂತಿದೆ.

ಬ್ಯಾರಿಗೆ ಸಿಕ್ಕಿದ್ದು ಒಂದೇ ಬಾರಿಯ ಸಂಭಾವನೆ. ಟ್ಯೂನಿನ ಹೆಸರು, ರಾಯಲ್ಟಿ ಎರಡೂ ನಾರ್ಮನ್‌ಗೆ. ಆದರೆ ಮುಂದೆ 11 ಬಾಂಡ್ ಸಿನಿಮಾಗಳಿಗೆ ಸಂಗೀತ ಕೊಟ್ಟಿದ್ದು ಬ್ಯಾರಿ. ಜನರ ಮನಸ್ಸಲ್ಲಿ ಬಾಂಡ್ ಸಂಗೀತ ಅಂದ್ರೆ ಅವರೇ ಅಂತಾಗಿಬಿಡ್ತು. 1997ರಲ್ಲಿ ‘ಸಂಡೇ ಟೈಮ್ಸ್’ ಪತ್ರಿಕೆ, ಮೂಲ ಟ್ಯೂನೂ ಬ್ಯಾರಿಯದ್ದೇ ಅನ್ನೋ ಅರ್ಥದಲ್ಲಿ ಬರೆಯಿತು. ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿದರು. ಬ್ಯಾರಿ ಪತ್ರಿಕೆಯ ಪರ ಸಾಕ್ಷಿ ಹೇಳಿದರು. 2001ರಲ್ಲಿ ತೀರ್ಪು ನಾರ್ಮನ್ ಪರ ಬಂತು, 30,000 ಪೌಂಡ್ ಪರಿಹಾರವೂ ಸಿಕ್ಕಿತು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಡ್ರಾಯಿಂಗ್ ಹಾಕಿದವರು ಒಬ್ಬರು, ಯಂತ್ರ ಓಡಿಸಿ ತೋರಿಸಿದವರು ಇನ್ನೊಬ್ಬರು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರ ಕೆಲಸ ಕಾಗದದಲ್ಲೇ ಉಳಿಯುತ್ತೆ, ಇಲ್ಲಾ ಶುರುವೇ ಆಗಲ್ಲ. ನಾರ್ಮನ್ ಗೆದ್ದಿದ್ದು ನ್ಯಾಯವೇ. ಸ್ವರ ಹುಟ್ಟಿಸಿದವನ ಹೆಸರನ್ನು ಕಿತ್ತುಕೊಳ್ಳೋ ಹಕ್ಕು ಯಾರಿಗೂ ಇಲ್ಲ. ಆದರೆ ಕಾನೂನಿಗೆ ಬೇಕಾಗಿದ್ದು ಒಂದೇ ಹೆಸರು. ನಾವು ಕೇಳುವ ಸಂಗೀತದಲ್ಲಿ ಇರೋದು ಮೂವರ ಬೆವರು: ನಾರ್ಮನ್, ಬ್ಯಾರಿ, ಆ ತಂತಿ ಮೀಟಿದ ಫ್ಲಿಕ್.

ನಮ್ಮಲ್ಲೂ ಬಾಂಡ್ ಇದ್ದ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು, ಸಂಗೀತ ಜಿ.ಕೆ. ವೆಂಕಟೇಶ್ ಅವರದ್ದು. ಇಳಯರಾಜ ದೊಡ್ಡ ಹೆಸರಾಗೋ ಮೊದಲು ಇದೇ ವೆಂಕಟೇಶ್ ಅವರ ಸಹಾಯಕರಾಗಿದ್ದವರು. ಅಂಥ ಎಷ್ಟು ಸಹಾಯಕರು, ಎಷ್ಟು ವಾದ್ಯಗಾರರ ಹೆಸರು ನಮಗೆ ಗೊತ್ತು?

ಮುಂದಿನ ಸಲ ಥಿಯೇಟರ್‌ನಲ್ಲಿ ಸಿನಿಮಾ ಮುಗಿದಾಗ ಬಾಗಿಲ ಕಡೆ ಓಡಬೇಡಿ. ಹೆಸರುಗಳು ಬರ್ತಾ ಇರುತ್ತವೆ. ಒಂದೆರಡು ನಿಮಿಷ ನಿಂತು ಓದಿ.