ಬಾಯಿಗೆ ಬೀಗ ಬಿದ್ದಾಗ

ಲ್ಯಾಬ್ ಪರೀಕ್ಷೆಗೆ ಎರಡೇ ದಿನ ಬಾಕಿ. ಬೆಳಿಗ್ಗೆ ಗುಂಡ್ಲುಪೇಟೆಯ ಮನೆಯಲ್ಲಿ ಇಡ್ಲಿ ತಿನ್ನಲು ಕೂತರೆ ಬಾಯಿಯೇ ತೆರೆಯುತ್ತಿಲ್ಲ! ಬಲಗಿವಿಯ ಮುಂದೆ ಚುಚ್ಚಿದಂಥ ನೋವು. ಅವ್ವ ನನ್ನನ್ನೇ ದಿಟ್ಟಿಸಿ ಕೇಳಿದಳು: ‘ಯಾನ್ಲಾ ಮಗ, ಗುಟ್ಕಾ ಗಿಟ್ಕಾ ಹಾಕ್ತಿದ್ದೀಯಾ?’

ನಾನು ಒಂದು ದಿನವೂ ಮುಟ್ಟಿದವನಲ್ಲ. ಆದರೆ ಚಾಮರಾಜನಗರದ ಕಾಲೇಜಿನಲ್ಲಿ ಗೆಳೆಯರದ್ದೂ ಅದೇ ಪ್ರಶ್ನೆ. ವೈವಾದಲ್ಲಿ ಹಲ್ಲುಗಳ ಸಂದಿಯಿಂದಲೇ ಉತ್ತರಿಸಿದೆ. ‘ಬಾಯಿ ಬಿಟ್ಟು ಹೇಳಪ್ಪಾ’ ಎಂದರು ಪರೀಕ್ಷಕರು. ಬಿಡಲು ಆದರೆ ತಾನೇ?

ದಂತವೈದ್ಯರು ಸ್ಕೇಲ್ ಹಿಡಿದು ಅಳೆದರು: 22 ಮಿ.ಮೀ. ಸಾಮಾನ್ಯವಾಗಿ 40ರಿಂದ 50 ಮಿ.ಮೀ. ತೆರೆಯಬೇಕು. ಕಿವಿಯ ಮುಂದೆ ದವಡೆ ತಲೆಬುರುಡೆಗೆ ಸೇರುವ ಕೀಲಿದೆ. ನಡುವೆ ತೆಳುವಾದ ಒಂದು ಡಿಸ್ಕ್. ಬಾಯಿ ತೆರೆದಾಗ ದವಡೆಯ ತುದಿ ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಜೊತೆಗೆ ಡಿಸ್ಕ್ ಕೂಡ. ನನ್ನ ಡಿಸ್ಕ್ ಮುಂದೆ ಸರಿದು ದಾರಿಗೆ ಅಡ್ಡ ನಿಂತಿತ್ತು. ವರ್ಷದಿಂದ ಆಕಳಿಸಿದಾಗಲೆಲ್ಲ ‘ಕಟಕ್’ ಎನ್ನುತ್ತಿದ್ದ ಸದ್ದು ಅದರದ್ದೇ. ಅದನ್ನು ಗೆಳೆಯರಿಗೆ ಕೇಳಿಸಿ ನಗಿಸುತ್ತಿದ್ದೆ ನಾನು! ರಾತ್ರಿ ಓದುವಾಗ ಹಲ್ಲು ಕಚ್ಚಿ ಕೂರುವ ಅಭ್ಯಾಸವೂ ಕೀಲಿಗೆ ಭಾರವಂತೆ.

ಮೊದಲು ಮಾತ್ರೆ, ಬಿಸಿ ಶಾಖ, ಹಲ್ಲಿಗೆ ಸ್ಪ್ಲಿಂಟ್, ಮೆತ್ತನೆಯ ಊಟ. ಜಗಿಯದೆ ನುಂಗುವ ಮುದ್ದೆ ಆಗ ಕೈಹಿಡಿಯಿತು. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣವಾಗುತ್ತದೆ. ನನಗೆ ಆಗಲಿಲ್ಲ. ತಿಂಗಳ ನಂತರ ಮೈಸೂರಿಗೆ ಹೋದೆವು. ಆಪರೇಷನ್ ಎಂದು ಅವ್ವ ಅಳುತ್ತಲೇ ಬಸ್ಸು ಹತ್ತಿದ್ದಳು.

ಆದರೆ ಅಲ್ಲಿ ಕೊಯ್ಯಲೇ ಇಲ್ಲ. ಅರಿವಳಿಕೆ ಕೊಟ್ಟು ಕೀಲಿನೊಳಗೆ ಎರಡು ಸೂಜಿ ಹಾಕಿದರು. ಒಂದರಿಂದ ಸಲೈನ್ ಒಳಗೆ, ಇನ್ನೊಂದರಿಂದ ಹೊರಗೆ. ಎರಡು ಒದ್ದೆ ಗಾಜುಗಳು ಅಂಟಿಕೊಂಡಂತೆ ಡಿಸ್ಕ್ ಮೇಲಿನ ಮೂಳೆಗೆ ಕಚ್ಚಿಕೊಂಡಿರುತ್ತದೆ. ದ್ರವದ ಒತ್ತಡ ಅದನ್ನು ಬಿಡಿಸುತ್ತದೆ, ಉರಿಯೂತದ ಅಂಶಗಳನ್ನು ತೊಳೆಯುತ್ತದೆ. ತುಕ್ಕು ಹಿಡಿದ ಬೇರಿಂಗ್ ತೊಳೆದಂತೆ ಎಂದುಕೊಂಡೆ. ಇದರ ಹೆಸರು ಆರ್ತ್ರೋಸೆಂಟೆಸಿಸ್. ಬಾಯಿ ತೆರೆಯದವರಿಗೆ ಇಷ್ಟು ಸರಳ ಚಿಕಿತ್ಸೆ ಸಾಕೆಂದು ನಿಟ್ಜಾನ್, ಡೋಲ್ವಿಕ್ ಮತ್ತು ಮಾರ್ಟಿನೆಜ್ 1991ರಲ್ಲಿ ಪ್ರಕಟಿಸಿದ್ದರು. ಅದೇ ಸಂಜೆ ಮನೆಗೆ ಬಂದೆವು. ದಿನವೂ ವ್ಯಾಯಾಮ ಮಾಡಿ ಈಗ 38 ಮಿ.ಮೀ. ತಲುಪಿದ್ದೇನೆ.

ಮೊನ್ನೆ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಗೆಳೆಯರಿಗೆಲ್ಲ ಪರೀಕ್ಷೆ ಇಟ್ಟೆ: ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಬೇಕು. ಎಲ್ಲರಿಗೂ ಹೋಯಿತು. ಒಬ್ಬನಿಗೆ ಎರಡೇ. ಕೀಲು ನೋವಿಲ್ಲ, ‘ಕಟಕ್’ ಇಲ್ಲ. ಖಾರ ತಿಂದರೆ ಬಾಯಿ ಉರಿಯುತ್ತದೆ ಎಂದ. ಅವನ ಜೇಬಿನಲ್ಲಿ ಯಾವಾಗಲೂ ಪೊಟ್ಟಣ ಇರುತ್ತದೆ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಜಗಿಯುವವರು ನಿಂತಿಲ್ಲ. ಅಡಿಕೆಯಿಂದ ಕೆನ್ನೆಯ ಒಳಪದರವೇ ನಾರುಗಟ್ಟಿದರೆ ಬಾಯಿ ಹೀಗೆ ಮುಚ್ಚುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರಿಗೂ ತಿರುಗಬಹುದು ಎಂದು ವೈದ್ಯರು ಹೇಳಿದ್ದು ನೆನಪಾಯಿತು. ಅಲ್ಲಿ ನನ್ನ ಎರಡು ಸೂಜಿ ಕೆಲಸ ಮಾಡವು.

ಅವ್ವನ ಪ್ರಶ್ನೆ ತಪ್ಪಲ್ಲ, ಕೇಳಿದ್ದು ತಪ್ಪು ಹುಡುಗನನ್ನು ಅಷ್ಟೆ. ನೀವೂ ಒಮ್ಮೆ ಮೂರು ಬೆರಳು ಇಟ್ಟು ನೋಡಿ. ಹೋಗದಿದ್ದರೆ ಕಾರಣ ಯಾವುದೇ ಇರಲಿ, ನನ್ನ ಹಾಗೆ ವರ್ಷ ಕಾಯಬೇಡಿ. ಈ ಶನಿವಾರ ಆ ಗೆಳೆಯನನ್ನು ಅದೇ ದಂತವೈದ್ಯರ ಬಳಿ ಕರೆದೊಯ್ಯುತ್ತಿದ್ದೇನೆ. ಬರುವುದಿಲ್ಲ ಎನ್ನುತ್ತಿದ್ದಾನೆ. ಬಿಡುವವನಲ್ಲ ನಾನು.