ಮೊದಲ ಐವತ್ತು ಗುಜರಿ ಯಾವುದಕ್ಕೆ? ಬಾಹ್ಯಾಕಾಶ ಕಾಳಗದ ಗೇಮ್‌ನಲ್ಲಿ ನೌಕೆ ಅಪ್‌ಗ್ರೇಡ್ ಮಾಡೋ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೈಸೂರಿನ ರಾಜೀವನಗರದಿಂದ ಮಾತಾಡ್ತಿದ್ದೀನಿ. ಮಧ್ಯದಲ್ಲಿ ಆಟೋ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ವಿಷಯ ಗೇಮ್. ಬಾಹ್ಯಾಕಾಶದಲ್ಲಿ ನೌಕೆ ಓಡಿಸ್ತಾ ಕಾಳಗ ಮಾಡೋ ಯಾವ ಗೇಮ್ ತೆಗೆದುಕೊಂಡರೂ ಮೊದಲ ಅರ್ಧ ಗಂಟೆಯಲ್ಲೇ ಒಂದು ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕೊಳ್ಳೋಕೆ ಹತ್ತು ಥರದ ಸಾಮಾನಿದೆ, ಮೊದಲು ಯಾವುದನ್ನ ತಗೋಬೇಕು? ಹೊಸದಾಗಿ ಆಡೋರ ಕೈ ನೇರವಾಗಿ ದೊಡ್ಡ ಗನ್ ಕಡೆ ಹೋಗುತ್ತೆ. ಗನ್ ಕಣ್ಣಿಗೆ ಕಾಣುತ್ತೆ, ಸದ್ದು ಮಾಡುತ್ತೆ, ಸ್ಕ್ರೀನ್‌ಶಾಟ್ ಹಾಕಿದ್ರೆ ಚೆನ್ನಾಗಿರುತ್ತೆ.

ನಾನು ಇಟ್ಟುಕೊಂಡಿರೋ ನಿಯಮ ಬೇರೆ. ಮೊದಲ ದುಡ್ಡು ಖರ್ಚು ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ತೀನಿ: ಮುಂದಿನ ಕಾಳಗದಲ್ಲಿ ನನ್ನನ್ನ ಸಾಯಿಸೋದು ಯಾವುದು? ಅದಕ್ಕೆ ಉತ್ತರ ಆಗೋ ಸಾಮಾನೇ ಮೊದಲು. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

ಯಾವ ಗೇಮ್?

ಉದಾಹರಣೆಗೆ ತಗೊಂಡಿರೋದು ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’. ಸಬ್‌ಸೆಟ್ ಗೇಮ್ಸ್ ಅನ್ನೋ ಪುಟ್ಟ ತಂಡದ ಮ್ಯಾಥ್ಯೂ ಡೇವಿಸ್ ಮತ್ತು ಜಸ್ಟಿನ್ ಮಾ ಇದನ್ನ ಮಾಡಿದ್ದು. ಕಿಕ್‌ಸ್ಟಾರ್ಟರ್‌ನಲ್ಲಿ ಅವರು ಜನರನ್ನ ಕೇಳಿದ್ದು 10,000 ಡಾಲರ್, ಬಂದಿದ್ದು 2 ಲಕ್ಷ ಡಾಲರ್‌ಗೂ ಹೆಚ್ಚು. 2012ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್‌ಗೆ ಬಂತು, 2014ರಲ್ಲಿ ಐಪ್ಯಾಡ್‌ಗೂ ಬಂತು. ಹಳೇ ಲ್ಯಾಪ್‌ಟಾಪ್ ಇದ್ದರೂ ಸಾಕು, ಗ್ರಾಫಿಕ್ಸ್ ಕಾರ್ಡ್ ಬೇಕು ಅಂತೇನಿಲ್ಲ. ಫೋನ್‌ನಲ್ಲಿ ಆಡೋರಿಗೆ ಕೊನೆಯಲ್ಲಿ ಬೇರೆ ಉದಾಹರಣೆ ಇದೆ.

ಕಥೆ ಸರಳ. ಒಂದು ನೌಕೆ, ಮೂರ್ನಾಲ್ಕು ಜನ ಸಿಬ್ಬಂದಿ, ಹಿಂದೆ ಅಟ್ಟಿಸಿಕೊಂಡು ಬರ್ತಿರೋ ದಂಗೆಕೋರರ ದೊಡ್ಡ ಪಡೆ. ಎಂಟು ಸೆಕ್ಟರ್ ದಾಟಿ ಕೊನೆಗೆ ಅವರ ಮುಖ್ಯ ನೌಕೆಯನ್ನ ಹೊಡೆದುರುಳಿಸಬೇಕು. ಸತ್ತರೆ ಮತ್ತೆ ಮೊದಲಿಂದ. ಹಳೇ ಸೇವ್‌ಗೆ ವಾಪಸ್ ಹೋಗೋ ಅವಕಾಶ ಇಲ್ಲ.

ಇಲ್ಲಿ ದುಡ್ಡಿನ ಹೆಸರು ಸ್ಕ್ರ್ಯಾಪ್. ಅಂದ್ರೆ ನಮ್ಮ ಗುಜರಿ. ಶತ್ರು ನೌಕೆ ಒಡೆದರೆ ಗುಜರಿ ಸಿಗುತ್ತೆ. ಅಪ್‌ಗ್ರೇಡ್, ಇಂಧನ, ರಿಪೇರಿ, ಹೊಸ ಗನ್, ಎಲ್ಲದಕ್ಕೂ ಅದೇ ಗುಜರಿ ಕೊಡಬೇಕು. ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಇಲ್ಲ. ಗೇಮ್‌ನ ಮಜಾ ಇರೋದೇ ಈ ಒದ್ದಾಟದಲ್ಲಿ.

ಕವಚದ ಲೆಕ್ಕ

ಮೊದಲು ಸಿಗೋ ನೌಕೆ ಕೆಸ್ಟ್ರೆಲ್. ಅದರ ಮೈಗೆ, ಅಂದ್ರೆ ಹಲ್‌ಗೆ, 30 ಅಂಕ. ಸುತ್ತ ಶೀಲ್ಡ್‌ನ ಒಂದು ಪದರ. ಒಂದು ಪದರ ಒಂದು ಲೇಸರ್ ಹೊಡೆತವನ್ನ ತಡೆದು ಮಾಯವಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತೆ.

ಎದುರಿನ ನೌಕೆ ಒಟ್ಟಿಗೆ ಮೂರು ಹೊಡೆತ ಬಿಟ್ಟಿತು ಅಂದುಕೊಳ್ಳಿ, ಮೂರೂ ಗುರಿ ತಪ್ಪಲಿಲ್ಲ. ಶೀಲ್ಡ್ ಒಂದು ಪದರ ಇದ್ದರೆ ಒಂದು ಹೊಡೆತ ನಿಲ್ಲುತ್ತೆ, ಎರಡು ಮೈಗೆ ಬೀಳುತ್ತೆ. ಎರಡು ಪದರ ಇದ್ದರೆ ಬೀಳೋದು ಒಂದೇ. ಅಂದ್ರೆ ಪೆಟ್ಟು ಅರ್ಧಕ್ಕೆ ಇಳೀತು. ಶತ್ರು ಎರಡೇ ಹೊಡೆತ ಬಿಡೋನಾದ್ರೆ ಇನ್ನೂ ಚೆನ್ನ: ಒಂದು ಬೀಳೋ ಕಡೆ ಸೊನ್ನೆ ಬೀಳುತ್ತೆ. ಶುರುವಿನ ಸೆಕ್ಟರ್‌ಗಳಲ್ಲಿ ಬರೋ ಶತ್ರುಗಳ ಹತ್ರ ಇರೋದೂ ಹೆಚ್ಚಾಗಿ ಇಂಥ ಸಣ್ಣ ಗನ್‌ಗಳೇ.

ಈ ಎರಡನೇ ಪದರಕ್ಕೆ ಶೀಲ್ಡ್ ವ್ಯವಸ್ಥೆಯನ್ನ ಎರಡು ಮೆಟ್ಟಿಲು ಏರಿಸಬೇಕು. ಮೊದಲನೆಯದಕ್ಕೆ 20 ಗುಜರಿ, ಎರಡನೆಯದಕ್ಕೆ 30. ಒಟ್ಟು 50.

ಪೆಟ್ಟು ತಿನ್ನದೇ ಇರೋದು ಇಷ್ಟು ಮುಖ್ಯ ಯಾಕೆ? ಮೈಗೆ ಬಿದ್ದ ಪ್ರತಿ ಪೆಟ್ಟಿನ ರಿಪೇರಿಗೂ ಅಂಗಡಿಯಲ್ಲಿ ಗುಜರಿ ಎಣಿಸಬೇಕು. ಮುಂದಿನ ಸೆಕ್ಟರ್‌ಗಳಿಗೆ ಹೋದ ಹಾಗೆ ಆ ದರವೂ ಏರುತ್ತೆ. ಶೀಲ್ಡ್‌ಗೆ ಹಾಕಿದ ದುಡ್ಡು ಪ್ರತಿ ಕಾಳಗದಲ್ಲೂ ರಿಪೇರಿ ಖರ್ಚು ಉಳಿಸುತ್ತೆ. ಕಣ್ಣಿಗೆ ಕಾಣದ ಆದಾಯ ಅದು.

ಕರೆಂಟ್ ಎಲ್ಲಿಂದ?

ಇಲ್ಲೊಂದು ಮುಳ್ಳಿದೆ, ಬಹಳ ಜನ ಗಮನಿಸಲ್ಲ. ಸಾಮಾನು ಕೊಂಡರೆ ಸಾಲದು, ಅದಕ್ಕೆ ವಿದ್ಯುತ್ ಬೇಕು. ಕೆಸ್ಟ್ರೆಲ್‌ನ ರಿಯಾಕ್ಟರ್ ಶುರುವಿನಲ್ಲಿ ಕೊಡೋದು 8 ಯೂನಿಟ್. ಶೀಲ್ಡ್‌ಗೆ 2, ಎಂಜಿನ್‌ಗೆ 2, ಆಮ್ಲಜನಕಕ್ಕೆ 1, ಗನ್‌ಗಳಿಗೆ 3. ಎಂಟೂ ಖಾಲಿ. ಗಾಯಾಳುಗಳ ಕೋಣೆಗೆ ಅಂತ ಒಂದು ಯೂನಿಟ್ ಬೇಕಾದ್ರೆ ಬೇರೆ ಯಾವುದನ್ನೋ ಆರಿಸಬೇಕು.

ಮನೆಯ ಇನ್ವರ್ಟರ್ ನೆನಪು ಮಾಡ್ಕೊಳ್ಳಿ. ಕರೆಂಟ್ ಹೋದಾಗ ಎರಡು ಫ್ಯಾನ್, ನಾಲ್ಕು ಲೈಟ್, ವೈಫೈ ಓಡುತ್ತೆ. ಅದಕ್ಕೇ ಮಿಕ್ಸಿ ಹಾಕಿದ್ರೆ ‘ಟಪ್’ ಅಂತ ಟ್ರಿಪ್. ಹೊಸ ಮಿಕ್ಸಿ ತಂದ ಮಾತ್ರಕ್ಕೆ ಇನ್ವರ್ಟರ್ ದೊಡ್ಡದಾಗಲ್ಲ ಅಲ್ವಾ?

ಎರಡು ಪದರದ ಶೀಲ್ಡ್‌ಗೆ 4 ಯೂನಿಟ್ ಬೇಕು. ಕಡಿಮೆ ಬೀಳೋದು 2. ರಿಯಾಕ್ಟರ್‌ಗೆ ತಲಾ 20ರಂತೆ ಎರಡು ಯೂನಿಟ್ ಸೇರಿಸಿದ್ರೆ 40. ಹಾಗಾಗಿ ಪದರದ ನಿಜವಾದ ಬೆಲೆ 50 ಅಲ್ಲ, 90. ಅಷ್ಟು ಇಲ್ಲ ಅಂದ್ರೆ? ತಾತ್ಕಾಲಿಕವಾಗಿ ಕ್ಷಿಪಣಿ ಗನ್ ಆರಿಸಿ ಒಂದು ಯೂನಿಟ್, ಎಂಜಿನ್‌ನಿಂದ ಇನ್ನೊಂದು ಯೂನಿಟ್ ತೆಗೆದು ಶೀಲ್ಡ್‌ಗೆ ಕೊಡಬಹುದು. ಕೆಸ್ಟ್ರೆಲ್ ಹತ್ರ ಇರೋದೇ 8 ಕ್ಷಿಪಣಿ, ಎಲ್ಲ ಕಾಳಗದಲ್ಲೂ ಅದನ್ನ ಸಿಡಿಸೋಕೆ ಆಗಲ್ಲ. ಆದ್ರೆ ಎಂಜಿನ್ ಕಡಿಮೆ ಮಾಡಿದ್ರೆ ನೌಕೆ ಹೊಡೆತ ತಪ್ಪಿಸಿಕೊಳ್ಳೋ ಸಾಧ್ಯತೆ ಕುಗ್ಗುತ್ತೆ. ಹಾಗಾಗಿ ನಾನು ಇದನ್ನ ಒಂದೆರಡು ಕಾಳಗದ ಮಟ್ಟಿಗೆ ಮಾಡ್ತೀನಿ, ಗುಜರಿ ಬಂದ ಕೂಡಲೇ ರಿಯಾಕ್ಟರ್ ಏರಿಸ್ತೀನಿ.

ಬಾಗಿಲುಗಳ ಅಪ್‌ಗ್ರೇಡ್‌ಗೆ ಈ ತಾಪತ್ರಯ ಇಲ್ಲ, ಅದು ರಿಯಾಕ್ಟರ್‌ನಿಂದ ವಿದ್ಯುತ್ ಕೇಳಲ್ಲ. ಗಟ್ಟಿ ಬಾಗಿಲು ಇದ್ದರೆ ಒಳಗೆ ನುಗ್ಗಿದ ಶತ್ರುಗಳೂ ಬೆಂಕಿಯೂ ಮುಂದಿನ ಕೋಣೆಗೆ ಬರೋಕೆ ತಡವಾಗುತ್ತೆ. ಆ ಹೊತ್ತಿಗೆ ನೀವು ಹೊರಬಾಗಿಲು ತೆರೆದು ಆ ಕೋಣೆಯ ಗಾಳಿಯನ್ನೇ ಖಾಲಿ ಮಾಡಬಹುದು. ಹೆಸರೇ ಬೋರಿಂಗ್, ಕೆಲಸ ಪಕ್ಕಾ.

ಹಾಗಾದ್ರೆ ಗನ್ ಬೇಡ್ವಾ?

ಬೇಕು. ಶೀಲ್ಡ್ ಇದ್ದ ಮಾತ್ರಕ್ಕೆ ಯಾರೂ ಗೆಲ್ಲಲ್ಲ. ಮೊದಲನೆಯದಾಗಿ, ಕ್ಷಿಪಣಿಗಳು ಶೀಲ್ಡ್ ದಾಟಿ ನೇರ ಮೈಗೇ ಬೀಳುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳೋಕೆ ಎಂಜಿನ್ ಬೇಕು. ಎಂಜಿನ್ ಚುರುಕಾದಷ್ಟೂ ಸೋಲೋ ಕಾಳಗದಿಂದ ಬೇಗ ಜಿಗಿದು ಓಡಬಹುದು ಕೂಡ.

ಎರಡನೆಯದು, ಶತ್ರುವಿಗೂ ಶೀಲ್ಡ್ ಇದೆ. ಕೆಸ್ಟ್ರೆಲ್ ಜೊತೆಗೇ ಬರೋ ‘ಬರ್ಸ್ಟ್ ಲೇಸರ್ 2’ ಒಮ್ಮೆಗೆ ಮೂರು ಹೊಡೆತ ಬಿಡುತ್ತೆ. ಒಂದು ಪದರದ ಶತ್ರುವಿಗೆ ಎರಡು ತಗಲುತ್ತೆ, ಎರಡು ಪದರದವನಿಗೆ ಒಂದು. ಮೂರು ಪದರದವನು ಬಂದ ದಿನ ಒಂದೂ ತಗಲಲ್ಲ. ಆ ದಿನ ಬರೋ ಮುಂಚೆ ಎರಡನೇ ಗನ್ ಕೈಯಲ್ಲಿರಬೇಕು. ಅಂದ್ರೆ ಮೊದಲ ಒಂದೆರಡು ಸೆಕ್ಟರ್‌ನಲ್ಲಿ ಸಾಯಿಸೋದು ನಮ್ಮ ತೆಳು ಕವಚ, ಮುಂದೆ ಸಾಯಿಸೋದು ನಮ್ಮ ದುರ್ಬಲ ಗನ್. ಪ್ರಶ್ನೆ ಬದಲಾಗಲಿಲ್ಲ, ಉತ್ತರ ಬದಲಾಯ್ತು.

ಇಲ್ಲೊಂದು ಕಿವಿಮಾತು. ಹೊಸ ಗನ್, ಹೊಸ ವ್ಯವಸ್ಥೆ ಕೊಳ್ಳೋಕೆ ಅಂಗಡಿ ಬೇಕು. ಇರೋ ವ್ಯವಸ್ಥೆಯನ್ನ ಏರಿಸೋಕೆ ಅಂಗಡಿ ಬೇಡ, ಎದುರಿಗೆ ಶತ್ರು ಇಲ್ಲದಿದ್ದರೆ ಸಾಕು. ಹಾಗಾಗಿ ನಕ್ಷೆಯಲ್ಲಿ ಹತ್ತಿರ ಅಂಗಡಿ ಕಂಡರೆ ನಾನು ಗುಜರಿ ಹಿಡಿದುಕೊಂಡು ಹೋಗಿ, ಅಲ್ಲೇನಿದೆ ನೋಡಿ ನಿರ್ಧಾರ ಮಾಡ್ತೀನಿ. ಅಂಗಡಿ ಎಲ್ಲೂ ಕಾಣದಿದ್ದರೆ ಶೀಲ್ಡ್‌ಗೆ ಹಾಕಿಬಿಡ್ತೀನಿ. ಕೊಂಡ ಗನ್ ಇಷ್ಟ ಆಗಲಿಲ್ಲ ಅಂತ ಮಾರೋಕೆ ಹೋದರೆ ಸಿಗೋದು ಅರ್ಧ ಬೆಲೆ, ನೆನಪಿರಲಿ.

ಆದಾಯ ಹೆಚ್ಚಿಸೋ ಸಾಮಾನು ಮೊದಲು ತಗೊಂಡ್ರೆ?

ಇದು ಬುದ್ಧಿವಂತರ ಪ್ರಶ್ನೆ. ಎಫ್‌ಟಿಎಲ್‌ನಲ್ಲಿ ‘ಸ್ಕ್ರ್ಯಾಪ್ ರಿಕವರಿ ಆರ್ಮ್’ ಅಂತ ಒಂದು ಸಾಮಾನಿದೆ. ಬೆಲೆ 50, ಸಿಗೋ ಗುಜರಿಯನ್ನ 10% ಹೆಚ್ಚಿಸುತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಹಾಕಿದ 50 ವಾಪಸ್ ಬರಬೇಕಾದ್ರೆ ಮೊದಲು ನೀವು 500 ಗುಜರಿ ಸಂಪಾದಿಸಬೇಕು. ಅಷ್ಟು ದಿನ ಬದುಕಿರಬೇಕಲ್ಲ? ಅದೇ 50 ಶೀಲ್ಡ್‌ಗೆ ಹಾಕಿದ್ದರೆ ಮುಂದಿನ ಕಾಳಗದಿಂದಲೇ ದುಡಿಯುತ್ತೆ.

ಹಾಗಂತ ಎಲ್ಲ ಗೇಮ್‌ಗೂ ಇದೇ ಉತ್ತರ ಅಲ್ಲ. 1984ರಲ್ಲಿ ಬ್ರಿಟನ್‌ನ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಮಾಡಿದ್ರು. ಅದರಲ್ಲಿ ಕೈಗೆ 100 ಕ್ರೆಡಿಟ್ ಕೊಟ್ಟು ಬಿಟ್ಟುಬಿಡ್ತಾರೆ. ಸಾಮಾನು ತುಂಬೋ ಜಾಗ 20 ಟನ್‌ನಿಂದ 35 ಟನ್‌ಗೆ ಏರಿಸೋಕೆ 400 ಕ್ರೆಡಿಟ್, ಒಳ್ಳೇ ಬೀಮ್ ಲೇಸರ್‌ಗೆ 1,000. ಇಲ್ಲಿ ಜಾಗ ದೊಡ್ಡದು ಮಾಡೋದನ್ನ ಮೊದಲು ಮಾಡಿದ್ರೆ ತಪ್ಪಿಲ್ಲ. ಯಾಕಂದ್ರೆ ಹಿಂದೆ ಯಾವ ಪಡೆಯೂ ಅಟ್ಟಿಸಿಕೊಂಡು ಬರಲ್ಲ, ಶಾಂತವಾದ ಗ್ರಹಗಳ ನಡುವೆ ವ್ಯಾಪಾರ ಮಾಡ್ಕೊಂಡು ಎಷ್ಟು ದಿನ ಬೇಕಾದ್ರೂ ಇರಬಹುದು.

ವ್ಯತ್ಯಾಸ ಇಷ್ಟೇ: ಅಪಾಯವನ್ನ ನೀವು ಆರಿಸಿಕೊಳ್ಳೋ ಹಾಗಿದ್ದರೆ ಆದಾಯಕ್ಕೆ ಹಾಕಿ. ಅಪಾಯವೇ ನಿಮ್ಮನ್ನ ಹುಡುಕಿಕೊಂಡು ಬರೋ ಹಾಗಿದ್ದರೆ ಕವಚಕ್ಕೆ ಹಾಕಿ.

ನಿಜವಾದ ನೌಕೆಯಲ್ಲಿ ಏನಾಯ್ತು?

ಇದೆಲ್ಲ ಬರೀ ಗೇಮ್ ಮಾತು ಅನ್ನಿಸಿದ್ರೆ ಮೈಸೂರಿಂದ ಬೆಂಗಳೂರಿಗೆ ಬನ್ನಿ, ಇಸ್ರೊ ಕಡೆಗೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯೋ ಕೊನೇ ಹಂತದಲ್ಲಿ ಸಂಪರ್ಕ ಕಳೆದುಕೊಳ್ತು. ಮುಂದಿನ ಲ್ಯಾಂಡರ್ ಮಾಡುವಾಗ ಅವರ ಎದುರಿಗೂ ಇದೇ ಪ್ರಶ್ನೆ ಇತ್ತು: ತೂಕಕ್ಕೆ ಮಿತಿ ಇದೆ, ಏನನ್ನ ಹೆಚ್ಚಿಸೋದು?

ಅವರು ಮಾಡಿದ ಆಯ್ಕೆ ನೋಡಿ. ಕಾಲುಗಳನ್ನ ಗಟ್ಟಿ ಮಾಡಿದ್ರು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿಯೋದನ್ನ ತಡೆಯೋ ಕಾಲು 3 ಮೀಟರ್ ತಡೆಯೋ ಹಾಗಾಯ್ತು. ಇಂಧನ ಹೆಚ್ಚಿಸಿದ್ರು. ಹೇಗೆ ಇಳಿದರೂ ವಿದ್ಯುತ್ ಸಿಗಲಿ ಅಂತ ಹೆಚ್ಚುವರಿ ಸೌರಫಲಕ ಹಾಕಿದ್ರು. ವೇಗ ಅಳೆಯೋಕೆ ಹೊಸ ಲೇಸರ್ ಉಪಕರಣ ಸೇರಿಸಿದ್ರು. ಇಳಿಯೋ ಜಾಗವನ್ನ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದ್ರು. ಎಂಜಿನ್ ಮಾತ್ರ ಐದರಿಂದ ನಾಲ್ಕಕ್ಕೆ ಇಳೀತು. ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಇದನ್ನ ವೈಫಲ್ಯ ಆಧಾರಿತ ವಿನ್ಯಾಸ ಅಂತ ಕರೆದ್ರು. ಏನೇನು ಕೆಡಬಹುದು ಅಂತ ಮೊದಲು ಪಟ್ಟಿ ಮಾಡಿ, ಅದಕ್ಕೆ ರಕ್ಷಣೆ ಕೊಡೋದು.

ಇನ್ನೊಂದು ಜಾಣತನ: ಚಂದ್ರಯಾನ-2ರ ಆರ್ಬಿಟರ್ ಇನ್ನೂ ಚಂದ್ರನ ಸುತ್ತ ಕೆಲಸ ಮಾಡ್ತಿತ್ತು. ಹಾಗಾಗಿ ಅಂಥದ್ದೇ ಇನ್ನೊಂದನ್ನ ಕಳಿಸಲಿಲ್ಲ. ಇರೋ ಸಾಮಾನನ್ನ ಮತ್ತೆ ಕೊಳ್ಳಲಿಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ತಟ್ಟಿದ್ದನ್ನ ನಾವೆಲ್ಲ ಫೋನ್‌ನಲ್ಲೇ ನೋಡಿದ್ವಿ.

ಫೋನ್‌ನಲ್ಲಿ ಆಡೋರಿಗೆ

ಈ ಲೆಕ್ಕ ಫೋನ್‌ನಲ್ಲೂ ನಡೆಯುತ್ತೆ. ಪೋಲೆಂಡ್‌ನ ಇನ್‌ಫಿನಿಟ್ ಡ್ರೀಮ್ಸ್‌ನವರ ‘ಸ್ಕೈ ಫೋರ್ಸ್ ರೀಲೋಡೆಡ್’ ಇದೆ. ಅದು ಬಾಹ್ಯಾಕಾಶದ್ದಲ್ಲ, ವಿಮಾನದ್ದು, ಆದ್ರೆ ಅಪ್‌ಗ್ರೇಡ್ ಗೊಂದಲ ಅದೇ. ನಕ್ಷತ್ರ ಕೂಡಿಸಬೇಕು, ಅದರಿಂದ ಆರೋಗ್ಯ, ಗನ್, ನಕ್ಷತ್ರಗಳನ್ನ ಸೆಳೆಯೋ ಮ್ಯಾಗ್ನೆಟ್ ಏರಿಸಬೇಕು. ಇಲ್ಲಿ ಒಂದೇ ಹಂತವನ್ನ ಮತ್ತೆ ಮತ್ತೆ ಆಡಬಹುದು. ಹಾಗಾಗಿ ಮ್ಯಾಗ್ನೆಟ್‌ಗೆ ಬೇಗ ಹಾಕಿದ್ದು ಬೇಗ ವಾಪಸ್ ಬರುತ್ತೆ.

ಆದ್ರೆ ಫೋನ್‌ನ ಎಷ್ಟೋ ಉಚಿತ ಗೇಮ್‌ಗಳಲ್ಲಿ ಒಂದು ಎಚ್ಚರ ಬೇಕು. ಎರಡನೇ ಸಲ ಸೋತ ಕೂಡಲೇ ‘ಸ್ಟಾರ್ಟರ್ ಪ್ಯಾಕ್’ ಕಣ್ಣಮುಂದೆ ಬರುತ್ತೆ, ಜೊತೆಗೆ ಓಡ್ತಿರೋ ಗಡಿಯಾರ. ಅಲ್ಲಿ ಹೋಗೋದು ಗುಜರಿ ಅಲ್ಲ, ಯುಪಿಐನಲ್ಲಿರೋ ನಿಮ್ಮ ಪಾಕೆಟ್ ಮನಿ. ನಾನು ಮಾಡೋದು ಇಷ್ಟು: ಮೊದಲ ಒಂದು ವಾರ ಒಂದು ರೂಪಾಯಿಯೂ ಹಾಕದೆ ಆಡ್ತೀನಿ. ಹತ್ತು ಸಲ ಸೋತ ಮೇಲೆ ಯಾವುದರಿಂದ ಸೋಲ್ತಿದ್ದೀನಿ ಅಂತ ಗೊತ್ತಾಗುತ್ತೆ. ಪ್ಯಾಕ್‌ನಲ್ಲಿರೋ ಸಾಮಾನು ಆ ಕಾರಣಕ್ಕೆ ಸಂಬಂಧವೇ ಇಲ್ಲದ್ದು ಅನ್ನೋದೂ ಬಹಳ ಸಲ ಆಗಲೇ ಗೊತ್ತಾಗುತ್ತೆ.

ಕೊನೆಗೆ ಮೂರು ಪ್ರಶ್ನೆ, ಬೇಕಾದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

1. ಮುಂದಿನ ಸುತ್ತಿನಲ್ಲಿ ನನ್ನನ್ನ ಮುಳುಗಿಸೋದು ಯಾವುದು?

2. ಇದನ್ನ ಕೊಂಡರೆ ಓಡಿಸೋಕೆ ಬೇಕಾದ ವಿದ್ಯುತ್ ನನ್ನ ಹತ್ರ ಇದೆಯಾ?

3. ಹಾಕಿದ್ದು ವಾಪಸ್ ಬರೋ ತನಕ ನಾನು ಉಳೀತೀನಾ?

ನಮ್ಮ ರಾಜೀವನಗರದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡ ಹುಡುಗರು ಮೊದಲು ಎಲ್‌ಇಡಿ ಲೈಟ್ ಹಾಕಿಸೋಣ ಅಂತ ಗ್ಯಾರೇಜ್‌ಗೆ ಹೋಗ್ತಾರೆ. ಒಳ್ಳೇ ಮೆಕ್ಯಾನಿಕ್ ಆದವನು ಮೊದಲು ಬ್ರೇಕ್ ಹಿಡಿದು ನೋಡ್ತಾನೆ, ಆಮೇಲೆ ಟೈರ್. ಅವನು ಎಫ್‌ಟಿಎಲ್ ಆಡಿಲ್ಲ, ಆದ್ರೆ ಲೆಕ್ಕ ಗೊತ್ತಿದೆ.

ನಿಮ್ಮ ನೌಕೆಗೆ ಮೊದಲ ಅಪ್‌ಗ್ರೇಡ್ ಯಾವುದು, ಯಾಕೆ ಅಂತ ನಮಗೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.