ಎಳೆಯ ಮೈಗೆ ಎಷ್ಟು ಭಾರ?

ಸ್ನಾಯುಗಳಿಗೆ ದಿನನಿತ್ಯದ ಓಡಾಟದಲ್ಲಿ ಸಿಗದಷ್ಟು ತಡೆಯೊಡ್ಡಿ, ಆ ತಡೆಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಬಲ ಗಳಿಸುವುದೇ ಶಕ್ತಿ ತರಬೇತಿ. ತಡೆ ಎಂದರೆ ಕಬ್ಬಿಣದ ವೇಟ್ ಆಗಿರಲೇಬೇಕೆಂದಿಲ್ಲ. ಬಸ್ಕಿ ಹೊಡೆಯುವಾಗ, ದಂಡ ತೆಗೆಯುವಾಗ, ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆದುಕೊಳ್ಳುವಾಗ ಸ್ವಂತ ಮೈಭಾರವೇ ತಡೆ. ರಬ್ಬರ್ ಪಟ್ಟಿ, ಡಂಬ್‌ಬೆಲ್, ಬಾರ್ ಆಮೇಲಿನ ಮೆಟ್ಟಿಲುಗಳು. ಹಾಗೆ ನೋಡಿದರೆ ಮಕ್ಕಳ ಅಂಗಸಾಧನೆ ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಗರಡಿಮನೆಗಳಲ್ಲೂ ಉತ್ತರ ಕರ್ನಾಟಕದ ತಾಲೀಮುಗಳಲ್ಲೂ ಹುಡುಗರು ಎಳವೆಯಲ್ಲೇ ಕುಸ್ತಿಯ ಮಟ್ಟಿಗಿಳಿದವರು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ ಮಲ್ಲಗಂಬ ಏರುವ ಶಾಲಾಮಕ್ಕಳ ತೋಳು, ಬೆನ್ನು, ಹಿಡಿತ ಪಳಗುವುದು ಇದೇ ದಾರಿಯಲ್ಲಿ.

ಆದರೂ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮುಖ್ಯರಸ್ತೆಗಳಲ್ಲಿ ಜಿಮ್‌ಗಳು ಹೆಚ್ಚಿದಂತೆ ತಂದೆತಾಯಂದಿರ ಹಳೆಯ ಆತಂಕವೊಂದು ಮತ್ತೆ ಎದ್ದಿದೆ: ವೇಟ್ ಎತ್ತಿದರೆ ಮಗು ಕುಳ್ಳಾಗಿಬಿಡುತ್ತದೆಯೇ?

ಆತಂಕಕ್ಕೆ ಬುಡವೇ ಇಲ್ಲವೆನ್ನುವಂತಿಲ್ಲ. ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಅದೇ ಬೆಳವಣಿಗೆ ಫಲಕ. ಮೂಳೆ ಉದ್ದವಾಗುವುದು ಅಲ್ಲಿಂದ. ಸಾಮಾನ್ಯವಾಗಿ ಹುಡುಗಿಯರಲ್ಲಿ 13ರಿಂದ 15, ಹುಡುಗರಲ್ಲಿ 15ರಿಂದ 17ರ ಹೊತ್ತಿಗೆ ಅದು ಗಟ್ಟಿಯಾಗಿ ಮೂಳೆಯೊಳಗೆ ಸೇರಿಹೋಗುತ್ತದೆ. ಅಲ್ಲಿಯವರೆಗೆ ಆ ಜಾಗ ಸುತ್ತಲಿನ ಮೂಳೆಗಿಂತ ನಾಜೂಕು. 1960ರ ದಶಕದಲ್ಲಿ ಜಪಾನಿನ ಸಂಶೋಧಕರು ಕಠಿಣ ದುಡಿಮೆಗೆ ಸಿಕ್ಕ ಹಳ್ಳಿಮಕ್ಕಳ ಮೂಳೆ ಕುಂಠಿತವಾದುದನ್ನು ವರದಿ ಮಾಡಿದ್ದರು. ಅದೂ ಈ ಭಯಕ್ಕೆ ಇಂಬು ಕೊಟ್ಟಿತು. ಆದರೆ ಮಗುವಿನ ದುಡಿಮೆಯೇ ಬೇರೆ, ವಾರಕ್ಕೆರಡು ದಿನ ಅರ್ಧ ಗಂಟೆ ಮಾಡುವ ಕಸರತ್ತೇ ಬೇರೆ. ತಿಳಿದವರ ಕಣ್ಣೆದುರು, ಮಿತಿಯಲ್ಲಿ ನಡೆದ ಶಕ್ತಿ ತರಬೇತಿಯಿಂದ ಮಕ್ಕಳ ಎತ್ತರ ಕುಗ್ಗಿದ್ದಕ್ಕೆ ಪುರಾವೆ ಸಿಕ್ಕಿಲ್ಲ. 2014ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರಡಿಸಿದ ಒಮ್ಮತದ ಹೇಳಿಕೆಯೂ 2020ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳುತ್ತವೆ. ಕುಂಟೆಬಿಲ್ಲೆ ಆಡುವಾಗ, ಗೋಡೆಯಿಂದ ಧುಮುಕುವಾಗ ಮಗುವಿನ ಕಾಲು ತನ್ನ ಮೈಭಾರದ ಹಲವು ಪಟ್ಟು ಪೆಟ್ಟನ್ನು ತಾಳಿಕೊಳ್ಳುತ್ತದೆ. 6ರಿಂದ 8ನೇ ತರಗತಿಯವರ ಶಾಲಾಚೀಲಕ್ಕೆ ಕರ್ನಾಟಕ ಸರ್ಕಾರ 2019ರಲ್ಲಿ ಗೊತ್ತುಪಡಿಸಿದ ತೂಕವೇ 3ರಿಂದ 4 ಕಿಲೋ. ಅದರ ಮುಂದೆ ಒಂದು ಕಿಲೋ ಡಂಬ್‌ಬೆಲ್ ದೊಡ್ಡ ಭಾರವಲ್ಲ.

ಹಾಗಾದರೆ ಪೆಟ್ಟು ಬೀಳುವುದು ಎಲ್ಲಿ? ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ವೇಟ್‌ನಿಂದ ಗಾಯಗೊಂಡು ಬಂದವರ ವಿವರಗಳನ್ನು 2009ರ ಒಂದು ಅಧ್ಯಯನ ಜಾಲಾಡಿತು. 8ರಿಂದ 13 ವರ್ಷದವರ ಗಾಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈ ಅಥವಾ ಪಾದಕ್ಕೆ ಆದವು. ವೇಟ್ ಜಾರಿ ಬಿದ್ದದ್ದು, ಬೆರಳು ವೇಟ್‌ಗಳ ನಡುವೆ ಸಿಕ್ಕಿ ಜಜ್ಜಿಹೋದದ್ದೇ ಹೆಚ್ಚು. ಮಂಚದ ಕೆಳಗೆ ಅಪ್ಪ ಇಟ್ಟ ಡಂಬ್‌ಬೆಲ್ಲನ್ನು ಯಾರೂ ಇಲ್ಲದಾಗ ಎಳೆದುಕೊಳ್ಳುವ ಮಗುವಿಗೆ ಇರುವ ಅಪಾಯ ಇದು. ಉದ್ಯಾನಗಳ ತೆರೆದ ಜಿಮ್‌ಗಳದೂ ಅದೇ ಕತೆ. ಆ ಸಲಕರಣೆಗಳ ಅಳತೆ ದೊಡ್ಡವರ ಕೈಕಾಲಿನದು. ಮಕ್ಕಳಿಗೆ ಅವು ಉಯ್ಯಾಲೆಯಂತೆ ಕಾಣುತ್ತವೆ.

ತರಬೇತಿಯಿಂದ ಮಕ್ಕಳ ಮೈಯಲ್ಲಿ ಆಗುವ ಬದಲಾವಣೆಯೂ ದೊಡ್ಡವರಲ್ಲಿ ಆಗುವಂಥದ್ದಲ್ಲ. ಪ್ರಾಯ ಬರುವ ಮುನ್ನ ಟೆಸ್ಟೋಸ್ಟಿರಾನ್ ಕಡಿಮೆ. ಹಾಗಾಗಿ ತೋಳು ಉಬ್ಬುವುದಿಲ್ಲ. ಇರುವ ಸ್ನಾಯುವಿನ ಎಳೆಗಳನ್ನೇ ಮೆದುಳು ಮತ್ತು ನರಗಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ಎಬ್ಬಿಸಲು ಕಲಿಯುತ್ತವೆ. ಬಲ ಬರುವುದು ಈ ಕಲಿಕೆಯಿಂದ. ಇದು ಹುಡುಗಿಯರಿಗೂ ಹುಡುಗರಿಗೂ ಒಂದೇ. ಎಂಟರಿಂದ ಹನ್ನೆರಡು ವಾರಗಳಲ್ಲಿ ಗಳಿಸಿದ ಬಲ ಎದ್ದು ಕಾಣುತ್ತದೆ, ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಕನ್ನಡಿಯ ಮುಂದೆ ನಿಂತು ನಿರಾಶೆಪಡುವ ಹನ್ನೊಂದರ ಹುಡುಗನಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಇಲ್ಲವಾದರೆ ಅವನ ಕಣ್ಣು ಪ್ರೋಟೀನ್ ಡಬ್ಬಿಯ ಮೇಲೆ ಬೀಳುತ್ತದೆ. ರಾಗಿ, ಬೇಳೆ, ಹಾಲು, ಮೊಟ್ಟೆ, ಮೊಳಕೆಕಾಳು ಸರಿಯಾಗಿ ಉಣ್ಣುವ ಮಗುವಿಗೆ ಆ ಡಬ್ಬಿ ಬೇಕಿಲ್ಲ. ಸ್ನಾಯು ಉಬ್ಬಿಸಲು ಬಳಸುವ ಸ್ಟಿರಾಯ್ಡ್‌ ಅಂತೂ ನಿಜಕ್ಕೂ ಎತ್ತರ ಕುಗ್ಗಿಸಬಲ್ಲದು. ಬೆಳವಣಿಗೆ ಫಲಕವನ್ನು ಅವಧಿಗೆ ಮುನ್ನವೇ ಮುಚ್ಚಿಬಿಡುತ್ತದೆ.

ಸಮತೋಲನ ಕುದುರಿ, ಹೇಳಿದ್ದನ್ನು ಕೇಳಿ ಮಾಡುವ ವ್ಯವಧಾನ ಬರುವುದು ಏಳೆಂಟು ವರ್ಷಕ್ಕೆ. ಶುರು ಮಾಡಲು ಅದು ತಕ್ಕ ವಯಸ್ಸು. ಮೊದಲು ಹತ್ತು ನಿಮಿಷ ಮೈ ಬಿಸಿಯಾಗಲಿ. ಆಮೇಲೆ ಬರಿಗೈಯಲ್ಲಿ ಅಥವಾ ಒಂದು ಕೋಲು ಹಿಡಿದು ಭಂಗಿ ಕಲಿಯಲಿ. ಭಂಗಿ ಕೆಡದಂತೆ ಎಂಟರಿಂದ ಹದಿನೈದು ಸಲ ಮಾಡಬಲ್ಲಷ್ಟೇ ಭಾರ ಸಾಕು. ಹದಿನೈದೂ ಸಲೀಸಾದಾಗ ನೂರಕ್ಕೆ ಐದರಿಂದ ಹತ್ತರಷ್ಟು ಏರಿಸಬಹುದು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. 5ರಿಂದ 17 ವರ್ಷದವರಿಗೆ ವಾರದಲ್ಲಿ ಮೂರು ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಗರಡಿಯ ಉಸ್ತಾದರ ಕ್ರಮವೂ ಇದಕ್ಕೆ ದೂರವಲ್ಲ: ಮೊದಲು ಮಟ್ಟಿ ಅಗೆತ, ದಂಡ, ಬಸ್ಕಿ; ಗದೆ ತಿರುಗಿಸುವುದು ಆಮೇಲೆ.

ಬಸ್ಕಿಯನ್ನು ಶಿಕ್ಷೆಯಾಗಿ ಹೊಡೆಸುವ ಪದ್ಧತಿ ಮಾತ್ರ ಎಲ್ಲ ದೃಷ್ಟಿಯಿಂದಲೂ ಕೆಟ್ಟದ್ದು. ಅಭ್ಯಾಸವಿಲ್ಲದ ಮಗು ಒಂದೇ ಸಲಕ್ಕೆ ನೂರಾರು ಬಸ್ಕಿ ಹೊಡೆದರೆ ತೊಡೆಯ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹತೋಟಿಗೆ ಬಾರದ ರಕ್ತದೊತ್ತಡ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಹಿಡಿತಕ್ಕೆ ಸಿಗದ ಮೂರ್ಛೆರೋಗ ಇರುವ ಮಕ್ಕಳು ವೈದ್ಯರನ್ನು ಕೇಳದೆ ವೇಟ್ ಮುಟ್ಟಬಾರದು. ಒಮ್ಮೆಗೆ ಎಷ್ಟು ಎತ್ತಬಲ್ಲೆನೆಂದು ನೋಡುವ ಪಂಥ ಯಾವ ಮಗುವಿಗೂ ಬೇಡ. ಸ್ಪರ್ಧೆಯ ವೇಟ್‌ಲಿಫ್ಟಿಂಗ್‌ನಲ್ಲಿ ಅಂತಾರಾಷ್ಟ್ರೀಯ ಯುವ ವಿಭಾಗ ಶುರುವಾಗುವುದೇ 13ರಿಂದ. ಅವಸರವಿಲ್ಲ ಎನ್ನುವುದಕ್ಕೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಸಾಕ್ಷಿ. ಮೊದಲು ಕುಸ್ತಿಯಾಡುತ್ತಿದ್ದ ಅವರು ವೇಟ್‌ಲಿಫ್ಟಿಂಗ್‌ಗೆ ಬಂದದ್ದು ಉಜಿರೆಯಲ್ಲಿ ಕಾಲೇಜು ಓದುವಾಗ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು.

ಬೆಂಗಳೂರಿನಿಂದ ಕೆಂಗೇರಿ ಕಡೆಗೆ ಹೋಗುವ ಮೈಸೂರು ರಸ್ತೆಯಲ್ಲಿ, ಜ್ಞಾನಭಾರತಿಯ ಬಳಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಅಲ್ಲಿನ ಕ್ರೀಡಾಪಟುಗಳ ಪಕ್ಕದಲ್ಲಿ ತರಬೇತುದಾರರು ಇರುತ್ತಾರೆ. ಬಡಾವಣೆಯ ಜಿಮ್‌ನಲ್ಲಿ ಆ ಖಾತರಿ ಇಲ್ಲ. ಆದ್ದರಿಂದ ಮಗುವನ್ನು ಸೇರಿಸುವ ಮುನ್ನ ತಂದೆಯೋ ತಾಯಿಯೋ ಒಂದು ಸಂಜೆ ಅಲ್ಲಿ ನಿಂತು ನೋಡಬೇಕು. ಒಬ್ಬ ತರಬೇತುದಾರರ ಕಣ್ಗಾವಲಿನಲ್ಲಿ ಎಷ್ಟು ಮಕ್ಕಳಿದ್ದಾರೆ? ಬೆನ್ನು ಬಾಗಿದಾಗ ವೇಟ್ ಇಳಿಸುತ್ತಾರೋ, ‘ಇನ್ನೊಂದೇ ಒಂದು’ ಎಂದು ಹುರಿದುಂಬಿಸುತ್ತಾರೋ? ಹುರಿದುಂಬಿಸುವ ಕಡೆ ಮಗುವನ್ನು ಬಿಡಬೇಡಿ.